ಯಮಗಲ್ಲಿನ ಹಸಿರು ಬಟ್ಟಲು

ಕೃಷ್ಣೆಗೂ ಭೀಮೆಗೂ ನಡುವಿನ ಎರೆಭೂಮಿಯಲ್ಲಿ, ಕಡ್ಲಿಹಾಳ ಎಂಬ ಊರಿನ ಬೆನ್ನಿಗೆ ಒಂದು ಬೋಳುಗುಡ್ಡ ನಿಂತಿದೆ. ಹೆಸರು ಯಮಗಲ್ಲು. ಗುಡ್ಡದ ಬುಡದಲ್ಲಿ ನಲವತ್ತು ಮನೆಗಳಿದ್ದು, ಅವಕ್ಕೂ ಅದೇ ಹೆಸರು ಅಂಟಿಕೊಂಡಿದೆ. ಬಸ್ಸಿನ ಕಂಡಕ್ಟರರು "ಯಮಗಲ್ಲಿಗೆ ಯಾರ್ರೀ? ಲಗೂನ ಇಳೀರಿ, ಅಲ್ಲಿ ಕಾಯಸಬಾರದು" ಎಂದು ಕಾಡಿಸುವುದನ್ನು ಅಲ್ಲಿಯ ಜನ ಮೂರು ತಲೆಮಾರಿನಿಂದ ಸಹಿಸಿಕೊಂಡು ಬಂದಿದ್ದಾರೆ. ಮದುವೆಯ ಪತ್ರಿಕೆ ಅಚ್ಚು ಹಾಕಿಸುವಾಗ ಮಾತ್ರ ಊರ ಹೆಸರನ್ನು ಕಡ್ಲಿಹಾಳ ಎಂದೇ ಬರೆಸುತ್ತಾರೆ. ಗುಡ್ಡವನ್ನು ಹತ್ತಿದವರಿಗೆ ಎರಡಾಳೆತ್ತರದ ಕೋಟೆಗೋಡೆ, ಪಾಚಿಗಟ್ಟಿದ ಒಂದು ಹೊಂಡ, ಧಾನ್ಯ ತುಂಬಿಡುತ್ತಿದ್ದ ಹಗೇವುಗಳು ಮತ್ತು ಪಡುವಣಕ್ಕೆ ನೆಟ್ಟಗೆ ಕಡಿದು ನಿಲ್ಲಿಸಿದಂತಿರುವ ಕೊರಕಲು ಕಾಣಸಿಗುತ್ತವೆ. ಬಂಡೆಯ ಮೇಲಿನ ಕೆಲವು ಗುಳಿಗಳನ್ನು ತೋರಿಸಿ ಇವು ಯಮನ ಕೋಣದ ಹೆಜ್ಜೆ ಎನ್ನುತ್ತಾರೆ. ನೋಡಿದರೆ ಅವು ಹಳೆಯ ಕಾಲದ ಹೆಂಗಸರು ಜೋಳ ಕುಟ್ಟಿದ ಒರಳುಗುಳಿಗಳು. ಯಮನಿಗೂ ಈ ಗುಡ್ಡಕ್ಕೂ ಮೂಲದಲ್ಲಿ ಯಾವ ನಂಟೂ ಇರಲಿಲ್ಲ. ನಂಟು ಬೆಳೆಸಿದವರು ಮನುಷ್ಯರು.

ಹಿಂದೆ ಒಮ್ಮೆ, ವಿಜಾಪುರದಲ್ಲಿ ಬಾದಶಹರು ಆಳುತ್ತಿದ್ದ ಕಾಲಕ್ಕೆ, ಈ ಗುಡ್ಡವನ್ನು ಅಮಾತೆಪ್ಪ ನಾಯಕನೆಂಬವನು ಹಿಡಿದುಕೊಂಡಿದ್ದ. ಹಿಡಿದುಕೊಂಡಿದ್ದ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಗಾದಿಯ ಮೇಲೆ ಕೂರಬೇಕಾಗಿದ್ದವನು ಅವನ ಅಣ್ಣ. ಆ ಅಣ್ಣ ಒಂದು ಬೇಸಿಗೆಯ ಮಧ್ಯಾಹ್ನ ತಮ್ಮನ ಕೈಯಿಂದ ಮಜ್ಜಿಗೆ ಇಸಿದುಕೊಂಡು ಕುಡಿದ, ಹೊತ್ತು ಮುಳುಗುವುದರೊಳಗೆ ಹೊಟ್ಟೆ ಹಿಡಿದುಕೊಂಡು ಸತ್ತ. ಮಜ್ಜಿಗೆಯಲ್ಲಿ ಇದ್ದದ್ದು ಪಾಷಾಣ. ಊರಿಗೆಲ್ಲ ಗೊತ್ತಿದ್ದರೂ ಯಾರೂ ತುಟಿ ಬಿಚ್ಚಲಿಲ್ಲ. ಆದರೆ ಗಾದಿ ಏರಿದ ದಿನದಿಂದ ಅಮಾತೆಪ್ಪನಿಗೆ ಎದೆ ಹೊಡೆದುಕೊಳ್ಳುವ ರೋಗ ಶುರುವಾಯಿತು. ತಾನು ಮಾಡಿದ್ದನ್ನು ಇನ್ನೊಬ್ಬನೂ ಮಾಡಬಲ್ಲ ಎಂಬುದು ಅವನ ಅನ್ನಕ್ಕೂ ನೀರಿಗೂ ಬಂದು ಕೂತಿತ್ತು. ಹೆಂಡತಿ ರಂಗಮ್ಮ ಬಡಿಸಿದ್ದನ್ನೂ ಮೊದಲು ಅವಳಿಗೇ ಉಣಿಸಿ ಆಮೇಲೆ ಉಣ್ಣುತ್ತಿದ್ದ. ಉಳಿದಿದ್ದ ಒಬ್ಬನೇ ತಮ್ಮ ದ್ಯಾವಣ್ಣ. ನೂರು ಜನ ಬೇಡರ ಪಡೆಯ ಮುಂದಾಳು, ಅಣ್ಣನೆಂದರೆ ಪ್ರಾಣ ಬಿಡುವವನು. ಅವನ ನೆರಳು ಕಂಡರೂ ನಾಯಕನ ಎದೆ ಡವಗುಟ್ಟುತ್ತಿತ್ತು.

ಇಂಥವನ ಬಾಗಿಲಿಗೆ ಯೂಸುಫ್ ಎಂಬ ಸೌದಾಗರ ಬಂದ. ಕುದುರೆ ಮಾರಲು ಬಂದವನು ನಾಯಕನ ಮುಖ ನೋಡಿ, ಕುದುರೆಯ ಮಾತು ಬಿಟ್ಟು ಜೋಳಿಗೆಗೆ ಕೈ ಹಾಕಿದ. ಹೊರಗೆ ಬಂದದ್ದು ತೆಂಗಿನಕಾಯಿ ಗಾತ್ರದ ಒಂದು ಹಸಿರು ಕಲ್ಲು. ಪಚ್ಚೆಯಂತೆ ಹೊಳೆಯುವುದಿಲ್ಲ, ಗಾಜಿನಂತೆ ಪಾರದರ್ಶಕವಲ್ಲ, ಬೆಣ್ಣೆ ಸವರಿದ ವೀಳ್ಯದೆಲೆಯ ಬಣ್ಣ. ಇಂದು ಪೇಟೆಯಲ್ಲಿ ಜೇಡ್ ಎಂದು ಮಾರುತ್ತಾರಲ್ಲ, ಅದೇ ಜಾತಿ. ಕಾಶ್ಮೀರಕ್ಕೂ ಆಚೆ ಹಿಮ ಕರಗಿ ಹರಿಯುವ ಹೊಳೆಗಳಲ್ಲಿ ಇದು ಸಿಗುತ್ತದೆ, ತಮ್ಮ ಪಾರಸಿಯಲ್ಲಿ ಇದಕ್ಕೆ ಯಶಮ್ ಎನ್ನುತ್ತಾರೆ ಎಂದ ಸೌದಾಗರ. ಇದರ ಬಿಲ್ಲೆಯನ್ನು ಎದೆಯ ಮೇಲೆ ಕಟ್ಟಿಕೊಂಡರೆ ಎದೆಬಡಿತ ನಿಲ್ಲುತ್ತದೆ, ತೇದು ಕುಡಿದರೆ ಮೂತ್ರಕೋಶದ ಹರಳು ಕರಗುತ್ತದೆ, ಹೆರಿಗೆಯ ನೋವಿನವಳ ಸೊಂಟಕ್ಕೆ ತಾಗಿಸಿದರೆ ಕೂಸು ಸಲೀಸಾಗಿ ಬರುತ್ತದೆ, ಇದನ್ನು ಧರಿಸಿದವನ ಮೇಲೆ ಸಿಡಿಲು ಬೀಳುವುದಿಲ್ಲ ಎಂದ. ಎಲ್ಲಕ್ಕೂ ಕೊನೆಗೆ ದನಿ ತಗ್ಗಿಸಿ, ಇದರ ಬಟ್ಟಲಿಗೆ ವಿಷ ಸೋಕಿದರೆ ಬಟ್ಟಲು ತಾನಾಗಿ ಬಿರಿಯುತ್ತದೆ ಎಂದ. ಕಲ್ಲಿಗೆ ಬಾಯಿಲ್ಲದಿರುವುದು ಮಾರುವವರಿಗೆ ಯಾವಾಗಲೂ ಅನುಕೂಲ. ನಾಯಕ ಆ ಕೊನೆಯ ಮಾತಿಗೆ ಮೊದಲೇ ಇನ್ನೊಂದು ಮಾತಿಗೆ ಸಿಕ್ಕಿಬಿದ್ದಿದ್ದ.

"ಏನಂದಿ? ಯಶ?"

"ಯಶಮ್, ಹುಜೂರ್. ಅದು ಬರೇ ಕಲ್ಲಿನ ಹೆಸರು."

"ಬರೇ ಹೆಸರಲ್ಲೋ ಸೌದಾಗರ. ನಿಮ್ಮ ಮಾತಿನ್ಯಾಗ ಏನಾರ ಇರಲಿ, ನಮ್ಮ ಮಾತಿನ್ಯಾಗ ಯಶ ಅಂದ್ರ ಗೆಲುವು. ಗೆಲುವೇ ನನ್ನ ಮನೀಗೆ ನಡಕೊಂತ ಬಂದೈತಿ."

ಸೌದಾಗರ ತಿದ್ದಲು ಹೋಗಲಿಲ್ಲ. ಕೊಳ್ಳುವವನು ತಾನೇ ಗುಣ ಸೇರಿಸಿಕೊಳ್ಳುವಾಗ ಯಾವ ವ್ಯಾಪಾರಿ ಅಡ್ಡ ಬರುತ್ತಾನೆ? ಅವನು ಕುದುರೆಗಳನ್ನು ಹೊಡೆದುಕೊಂಡು ಭೀಮೆ ದಾಟಿದ, ಮತ್ತೆ ಈ ಕಥೆಗೆ ಬರುವುದಿಲ್ಲ. ನಾಯಕ ಅದುವರೆಗೆ ಹೆಸರೇ ಇಲ್ಲದಿದ್ದ ತನ್ನ ಕೋಟೆಗೆ ಯಶಮಗಲ್ಲು ಎಂದು ಹೆಸರಿಟ್ಟ. ಹೆಬ್ಬಾಗಿಲ ಮೇಲೆ ಆ ಹೆಸರನ್ನು ಕೆತ್ತುವ ಕೆಲಸವೂ, ಕಲ್ಲಿನಿಂದ ಒಂದು ಬಟ್ಟಲು ಒಂದು ಬಿಲ್ಲೆ ಮಾಡುವ ಕೆಲಸವೂ ಒಬ್ಬನಿಗೇ ಬಿದ್ದವು. ಅವನು ಗುಡ್ಡದ ಬುಡದಲ್ಲಿದ್ದ ಸಾಣೆಗಾರ ಮೋನಪ್ಪ, ಪಾಂಚಾಳರ ಪೈಕಿ. ಹೆಂಡತಿ ನಿಂಬೆವ್ವ, ಒಂಬತ್ತು ವರ್ಷದ ಮಗಳು ತಾಯವ್ವ. ಇಷ್ಟೇ ಅವನ ಸಂಸಾರ.

ಅರಗು ಕಾಸಿ, ಅದರಲ್ಲಿ ಕುರುಂದವೆಂಬ ಗಟ್ಟಿಗಲ್ಲಿನ ಪುಡಿ ಕಲಸಿ, ಆರಿಸಿ ಮಾಡಿದ ಚಕ್ರವೇ ಸಾಣೆ. ಮೋನಪ್ಪ ಕಲ್ಲು ಹಿಡಿದು ಕೂತರೆ ನಿಂಬೆವ್ವ ಎದುರಿಗೆ ಕೂತು ತೊಗಲಿನ ಪಟ್ಟಿ ಎಳೆದು ಚಕ್ರ ತಿರುಗಿಸುವಳು. ಮದುವೆಯಾದ ಹನ್ನೆರಡು ವರ್ಷ ಹೀಗೆ ಎದುರುಬದುರು ಕೂತು ಅವರಿಬ್ಬರಿಗೆ ಮಾತಿನ ಅಗತ್ಯವೇ ಕಡಿಮೆಯಾಗಿತ್ತು. ಈ ಕಲ್ಲು ಮಾತ್ರ ಇಬ್ಬರನ್ನೂ ಮಾತಾಡಿಸಿತು. ಉಳಿ ಇಟ್ಟು ಹೊಡೆದರೆ ಉಳಿಯ ಮೂತಿ ಮುರಿಯಿತು. ಚೂರಿಯಿಂದ ಗೀಚಿದರೆ ಚೂರಿಯೇ ಸವೆದು ಕಲ್ಲಿನ ಮೇಲೆ ಬೂದುಗೆರೆ ಬಿಟ್ಟಿತು. ದಾರಕ್ಕೆ ಕಟ್ಟಿ ತೂಗಿಬಿಟ್ಟು ಬೆರಳಿನಿಂದ ತಟ್ಟಿದರೆ ಕಂಚಿನ ಗಂಟೆಯ ದನಿ. ಉರಿಬಿಸಿಲಲ್ಲಿ ಮಡಿಲಲ್ಲಿಟ್ಟುಕೊಂಡರೂ ತಣ್ಣಗಿತ್ತು. ತಿಕ್ಕುವುದೊಂದೇ ದಾರಿ ಎಂದು ಕಂಡುಕೊಳ್ಳಲು ಹದಿನೈದು ದಿನ ಹಿಡಿಯಿತು, ತಿಕ್ಕಿ ಮುಗಿಸಲು ಏಳು ತಿಂಗಳು. ಆ ಏಳು ತಿಂಗಳೂ ಸುತ್ತಲ ಹಳ್ಳಿಯ ಜನ ಸಾಣೆಯಿಂದ ಇಳಿದ ಹಸಿರು ಕೆಸರಿಗೆ ಬಟ್ಟಲು ಹಿಡಿದು ನಿಂತರು. ಹರಳಿನ ರೋಗದ ಒಬ್ಬ ಮುದುಕ ಅದನ್ನು ಗಟಗಟನೆ ಕುಡಿದು ಮೂರು ದಿನ ಚರಿಗೆ ಹಿಡಿದು ಹೊಲಕ್ಕೆ ಓಡಾಡಿದ. ಕೆಸರಿನಲ್ಲಿ ಯಶಮಕ್ಕಿಂತ ಕುರುಂದವೇ ಹೆಚ್ಚಿತ್ತು ಎಂಬುದು ನಿಂಬೆವ್ವನಿಗೆ ಗೊತ್ತಿತ್ತು, ಹೇಳಿದರೆ ಕೇಳುವವರಿರಲಿಲ್ಲ. ಮುದುಕ ಮಾತ್ರ ಹರಳೇ ಹೋಯಿತೆಂದು ಊರೆಲ್ಲ ಸಾರಿದ.

ಮೊದಲು ಬಿಲ್ಲೆ ಸಿದ್ಧವಾಯಿತು. ನಾಯಕ ಅದನ್ನು ಎದೆಯ ಮೇಲೆ ಕಟ್ಟಿಕೊಂಡ. ತಣ್ಣನೆಯ ಕಲ್ಲು ಮೈಗೆ ತಾಗಿದ್ದರಿಂದಲೋ, ನಂಬಿಕೆಯಿಂದಲೋ, ಬಡಿತ ತಗ್ಗಿ ಒಂದು ವಾರ ನಿದ್ದೆ ಮಾಡಿದ. ಆಮೇಲೆ ಬಟ್ಟಲು ಬಂತು. ಬಿಸಿಲಿಗೆ ಹಿಡಿದರೆ ಮೋನಪ್ಪನ ಬೆರಳಿನ ನೆರಳು ಒಳಗಿನಿಂದ ಕಾಣುವಷ್ಟು ತೆಳು. ಮೋನಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹೆಂಡತಿ ಮಗಳೊಡನೆ ಕೋಟೆಯ ಅಂಗಳಕ್ಕೆ ಹೋದ. ಊರಿಗೆ ಊರೇ ನೆರೆದಿತ್ತು. ನಾಯಕ ಬಟ್ಟಲಿಗೆ ನೀರು ಹಾಕಿಸಿದ, ಅದರಲ್ಲಿ ಪಾಷಾಣ ಕದಡಿಸಿದ. ಪಾಷಾಣವೆಂದರೆ ನಮ್ಮ ಭಾಷೆಯಲ್ಲಿ ವಿಷವೂ ಹೌದು, ಕಲ್ಲೂ ಹೌದು. ಒಂದು ಪಾಷಾಣ ಇನ್ನೊಂದನ್ನು ಗುರುತು ಹಿಡಿಯುತ್ತದೆಂದು ನೂರಾರು ಜನ ಉಸಿರು ಬಿಗಿಹಿಡಿದು ಕಾದರು. ಬಟ್ಟಲು ಹಾಗೇ ಕೂತಿತ್ತು. ಒಂದು ಗೆರೆಯೂ ಮೂಡಲಿಲ್ಲ.

ನಾಯಕ ಹಲ್ಲು ಕಡಿಯಲಿಲ್ಲ, ಕೂಗಾಡಲಿಲ್ಲ. ಬಹಳ ಸಮಾಧಾನದಿಂದ ಹೇಳಿದ: "ಬಟ್ಟಲಾ ಬಿರೀಲಿಲ್ಲ. ಅಂದಮ್ಯಾಲ ಇದು ವಿಷ ಅಲ್ಲ. ಕುಡಿ ಮೋನಪ್ಪ."

ಮೋನಪ್ಪ ಹೆಂಡತಿಯ ಕಡೆ ನೋಡಿದ. ಓಡಿದರೆ ಮಗಳ ಕುತ್ತಿಗೆ ಹೋಗುತ್ತದೆಂದು ಆ ನೋಟದಲ್ಲೇ ಇಬ್ಬರಿಗೂ ತಿಳಿಯಿತು. ನಾಯಕನ ಇಬ್ಬರು ಆಳುಗಳು ಅವನ ತೋಳು ಹಿಡಿದರು, ಒಬ್ಬ ಮೂಗು ಅದುಮಿದ. ತಾನೇ ಏಳು ತಿಂಗಳು ತಿಕ್ಕಿದ ಬಟ್ಟಲಿನಿಂದ ಅವನು ಕುಡಿದ. ಮಧ್ಯಾಹ್ನ ಕುಡಿದವನು ದೀಪ ಹಚ್ಚುವ ಹೊತ್ತಿನ ತನಕ ಅದೇ ಅಂಗಳದಲ್ಲಿ ಹೊರಳಾಡಿದ. ನೀರು ಕೇಳಿದರೆ ಕೊಡಬಾರದೆಂದು ಅಪ್ಪಣೆಯಾಗಿತ್ತು. ಕೊನೆಗೆ ಬಾಯಿಂದ ರಕ್ತ ಬಂದು, ಉಗುರುಗಳು ಬಂಡೆಯನ್ನು ಕೆರೆದು ಕಿತ್ತುಹೋದ ಮೇಲೆ ಅವನ ಜೀವ ಹೋಯಿತು. ನಿಂಬೆವ್ವ ಅಷ್ಟೂ ಹೊತ್ತು ಮಗಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು.

ಮನುಷ್ಯ ಸತ್ತದ್ದರಿಂದ ವಿಷ ವಿಷವೇ ಎಂದಾಯಿತು. ಹಾಗಾದರೆ ಸುಳ್ಳಾದದ್ದು ಬಟ್ಟಲು. ಸೌದಾಗರ ತನಗೆ ಟೋಪಿ ಹಾಕಿದನೆಂದು ಒಪ್ಪಿಕೊಳ್ಳುವುದು ನಾಯಕನಿಂದ ಆಗದ ಮಾತು, ಕೋಟೆಯ ಬಾಗಿಲ ಮೇಲೆ ಹೆಸರು ಬೇರೆ ಕೆತ್ತಿಸಿಯಾಗಿತ್ತು. ಆದ್ದರಿಂದ ಸಾಣೆಗಾರನೇ ನಿಜವಾದ ಕಲ್ಲನ್ನು ಬಚ್ಚಿಟ್ಟು ಬೇರೊಂದು ಕಲ್ಲಿನಲ್ಲಿ ಬಟ್ಟಲು ಮಾಡಿದ್ದಾನೆ ಎಂದು ತೀರ್ಮಾನವಾಯಿತು. ಆ ಸುಳ್ಳು ಬಟ್ಟಲನ್ನು ಒಡೆಯಿರಿ ಎಂದು ಕಮ್ಮಾರನ ಸುತ್ತಿಗೆ ತರಿಸಿದ. ಮೂರು ಏಟಿಗೆ ಕೆಳಗಿನ ಹಾಸುಗಲ್ಲು ಸೀಳಿತು, ಬಟ್ಟಲು ಗಂಟೆಯಂತೆ ದನಿ ಮಾಡಿ ಪಕ್ಕಕ್ಕೆ ಹಾರಿತು. ಸಿಟ್ಟಿಗೆದ್ದು ಹೊಂಡಕ್ಕೆ ಎಸೆಯಿಸಿದ.

"ದೊರೀ, ಅದೇ ನಿಮ್ಮ ಕಲ್ಲು. ನನ್ನ ಕೈಯಾರೆ ಪಟ್ಟಿ ಎಳದೀನಿ. ಕಲ್ಲಿಗೆ ವಿಷ ತಿಳಿಯಂಗಿಲ್ರೀ," ಎಂದು ನಿಂಬೆವ್ವ ಒಂದೇ ಒಂದು ಸಲ ಹೇಳಿದಳು.

"ಹಂಗಾರ ನಾ ಹುಚ್ಚ ಅದೀನೇನು?" ಎಂದ ನಾಯಕ. ಒಂದು ತಿಂಗಳಲ್ಲಿ ಖರೆ ಕಲ್ಲಿನ ಬಟ್ಟಲು ಬರಬೇಕು, ಬಾರದಿದ್ದರೆ ಮಗಳನ್ನು ಪಡುವಣದ ಕೊರಕಲಿನಿಂದ ಕೆಳಗೆ ಬಿಡುತ್ತೇನೆ ಎಂದು ಹೇಳಿ, ತಾಯವ್ವನನ್ನು ಒಳಗೆ ಎಳೆಸಿಕೊಂಡ. ರಂಗಮ್ಮ ಆ ಹುಡುಗಿಯನ್ನು ಹಗೇವಿಗೆ ಹಾಕಗೊಡದೆ ತನ್ನ ಬಳಿ ಇಟ್ಟುಕೊಂಡು ಉಣ್ಣಲು ಕೊಟ್ಟಳು. ನಿಂಬೆವ್ವನ ಪಾಲಿಗೆ ಆ ಕೋಟೆಯಲ್ಲಿ ಸಿಕ್ಕ ಕರುಣೆ ಅಷ್ಟೇ.

ಗಂಡನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅವಳು ಸಾಣೆಯ ಮುಂದೆ ಕೂತಳು. ಈ ಸಲ ಗಂಡ ಕೂರುತ್ತಿದ್ದ ಕಡೆ. ಹಳ್ಳದ ದಂಡೆಯಲ್ಲಿ ಹಸಿರು ಛಾಯೆಯ ಬಳಪದ ಕಲ್ಲು ಸಿಗುತ್ತದೆ, ಉಗುರಿಗೂ ಗೀಚು ಬೀಳುವಷ್ಟು ಮೆತ್ತಗೆ. ಅದರಲ್ಲಿ ಜೋಡಿ ಬಟ್ಟಲು ಕಡೆದಳು. ಪ್ರತಿಯೊಂದನ್ನೂ ಕೂದಲೆಳೆಯಷ್ಟು ಸಣ್ಣಗೆ ಎರಡಾಗಿ ಸೀಳಿ, ಸೀಳಿಗೆ ಅರಗು ತುಂಬಿ, ಮೇಲೆ ಯಶಮದ ಹಸಿರು ಕೆಸರನ್ನೇ ಎಣ್ಣೆಯಲ್ಲಿ ಕಲಸಿ ತಿಕ್ಕಿ ಹೊಳಪು ಕೊಟ್ಟಳು. ಅರಗು ಬಿಸಿಗೆ ಮೆತ್ತಗಾಗುತ್ತದೆ. ಸಾಣೆಯ ಚಕ್ರ ಹೆಚ್ಚು ಕಾದರೆ ಉದುರುವುದನ್ನು ಹನ್ನೆರಡು ವರ್ಷ ನೋಡಿದವಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಟ್ಟಲಿಗಿಂತ ಕಷ್ಟವಾದದ್ದು ಹೇಳಬೇಕಾಗಿದ್ದ ಮಾತು. ತಿಂಗಳು ತುಂಬಿದ ದಿನ ನೆರೆದ ಜನರ ಮುಂದೆ ನಿಂತು, "ನನ್ನ ಗಂಡ ಕಳ್ಳ ಆಗಿದ್ದ್ರೀ. ಖರೆ ಕಲ್ಲ ಅಟ್ಟದ ಮ್ಯಾಲ ಮುಚ್ಚಿಟ್ಟಿದ್ದ. ಈಗ ಹುಡುಕಿ ತಗದೀನಿ," ಎಂದಳು. ಜನ ಹೌದಪ್ಪಾ ಹೌದೆಂದು ತಲೆದೂಗಿದರು. ನಿನ್ನೆ ಅತ್ತವರೇ ಇಂದು ಅವನ ಗೋರಿಯ ಕಡೆ ಉಗಿದರು. ಆ ಉಗುಳು ತನ್ನ ಮುಖಕ್ಕೇ ಬಿದ್ದಂತೆ ನಿಂಬೆವ್ವ ಕಣ್ಣು ಮುಚ್ಚಿಕೊಂಡಳು.

ಪಾಷಾಣ ತಣ್ಣೀರಲ್ಲಿ ಸರಿಯಾಗಿ ಕರಗುವುದಿಲ್ಲ, ಕುದಿಸಿರಿ ಎಂದು ಅವಳೇ ಸೂಚಿಸಿದಳು. ಕುದಿದ ವಿಷ ಒಳಗೆ ಬೀಳುತ್ತಲೇ ಮೊದಲ ಬಟ್ಟಲು ಟಪ್ಪೆಂದು ಎರಡು ಹೋಳಾಗಿ ಬಿತ್ತು. ಅಂಗಳವೆಲ್ಲ ಯಶಮ ಯಶಮ ಎಂದು ಕೂಗಿತು. ಎರಡನೆಯ ಬಟ್ಟಲನ್ನು ನಾಯಕ ಕಣ್ಣಿಗೊತ್ತಿಕೊಂಡು ಇಟ್ಟುಕೊಂಡ. ಇದು ಖರೆ ಬಟ್ಟಲೆಂದು ನನ್ನ ಜೀವ ಒಪ್ಪುವ ತನಕ ಹುಡುಗಿ ಇಲ್ಲೇ ಇರಲಿ ಎಂದ. ಮಗಳು ಸಿಗಲಿಲ್ಲ, ಮಗಳ ಜೀವ ಮಾತ್ರ ಸಿಕ್ಕಿತು. ನಿಂಬೆವ್ವ ಕೋಟೆಯ ಅಂಗಳಕ್ಕೇ ಸಾಣೆ ತಂದುಕೊಂಡು, ಬೇಡರ ಕತ್ತಿ ಮಸೆಯುತ್ತ, ದಿನಕ್ಕೊಮ್ಮೆ ಮಗಳನ್ನು ದೂರದಿಂದ ಕಾಣುತ್ತ ಉಳಿದಳು. ಅವಳಿಗೆ ಒಂದೇ ಧೈರ್ಯ. ಎದೆರೋಗದವನಿಗೆ ಬಿಸಿಯದು ಆಗದೆಂದು ವೈದ್ಯ ಹೇಳಿದ್ದರಿಂದ ನಾಯಕ ವರ್ಷಗಳಿಂದ ತಣ್ಣೀರು ಮತ್ತು ಮಜ್ಜಿಗೆ ಬಿಟ್ಟು ಬೇರೇನನ್ನೂ ಕುಡಿಯುತ್ತಿರಲಿಲ್ಲ. ಬಟ್ಟಲಿಗೆ ಬಿಸಿ ಬೀಳದಿದ್ದರೆ ಸಾಕು, ಯಾರ ತಲೆಯೂ ಹೋಗುವುದಿಲ್ಲ. ಎಂಟು ತಿಂಗಳು ಅವಳು ಈ ಲೆಕ್ಕದ ಮೇಲೆ ಉಸಿರಾಡಿದಳು.

ಶ್ರಾವಣದಲ್ಲಿ ಜಡಿಮಳೆ ಹಿಡಿದು ನಾಯಕನಿಗೆ ನೆಗಡಿ ಕೆಮ್ಮು ಬಂತು. ದ್ಯಾವಣ್ಣ ತನ್ನ ಹಟ್ಟಿಯ ಕಪ್ಪು ಆಕಳ ಹಾಲು ಕಳಿಸಿದ. ಕೆಮ್ಮಿನ ಮುಂದೆ ವೈದ್ಯನ ಪಥ್ಯ ಬದಿಗಿಟ್ಟು ರಂಗಮ್ಮ ಅದಕ್ಕೆ ಮೆಣಸು ಅರಿಶಿನ ಹಾಕಿ, ಕುದಿಸಿ, ಪ್ರೀತಿಯಿಂದಲೇ ತಂದು ಹಸಿರು ಬಟ್ಟಲಿಗೆ ಸುರಿದಳು. ಆ ಮಧ್ಯಾಹ್ನ ನಾಯಕ ಅಂಗಳದ ಚಾವಡಿಯಲ್ಲಿ ಕಂಬಳಿ ಹೊದ್ದು ಕೂತಿದ್ದ, ಪಕ್ಕದಲ್ಲಿ ದ್ಯಾವಣ್ಣ, ಕೆಳಗೆ ಅವನ ಪಡೆ. ನಿಂಬೆವ್ವ ಎದ್ದು ನಿಲ್ಲುವುದರೊಳಗೆ ಟಪ್ಪೆಂಬ ಸದ್ದು ಬಂತು. ಹಳದಿ ಹಾಲು ನಾಯಕನ ತೊಡೆಯ ಮೇಲೆ ಹರಿಯಿತು.

ಅಮಾತೆಪ್ಪ ಬದಿಗಿದ್ದ ಕತ್ತಿ ಎಳೆದು ದ್ಯಾವಣ್ಣನ ಕುತ್ತಿಗೆಗೆ ಹಾಕಿದ. ಹಿಂದಿನ ದಿನವಷ್ಟೇ ನಿಂಬೆವ್ವ ಮಸೆದ ಕತ್ತಿ, ಒಂದೇ ಏಟಿಗೆ ಕೆಲಸ ಮುಗಿಸಿತು. ಅಣ್ಣಾ ಎನ್ನಲು ತೆರೆದ ಬಾಯಿ ತೆರೆದೇ ಇತ್ತು ಎನ್ನುತ್ತಾರೆ. ಹಾಲು ಹೊತ್ತು ತಂದ ದನಗಾಹಿಯನ್ನು ಮೆಟ್ಟಿಲ ಮೇಲೆ ತಿವಿದ. ಅಡುಗೆಮನೆಯ ಇಬ್ಬರು ಹೆಂಗಸರನ್ನು ಜುಟ್ಟು ಹಿಡಿದು ಎಳೆತರಿಸಿ, ಒಲೆಯ ಸೌದೆ ಸೀಳುವ ಕೊಡಲಿಯಿಂದಲೇ ಕಡಿಸಿದ. ಮಳೆನೀರು ಕೆಂಪಾಗಿ ಅಂಗಳದ ಗುಳಿಗಳಲ್ಲಿ ನಿಂತಿತು. ಆಮೇಲೆ ರಂಗಮ್ಮನ ಕೈ ಹಿಂದಕ್ಕೆ ಕಟ್ಟಿಸಿ, ಕೊರಕಲಿಗೆ ಒಯ್ಯಿರಿ ಎಂದ.

"ನಾಯಿಗೆ ಹಾಕಿ ನೋಡ್ರಿ. ಚರಿಗ್ಯಾಗ ಇನ್ನೂ ಹಾಲದಾವ," ಎಂದು ರಂಗಮ್ಮ ಚೀರಿದಳು.

"ಕಲ್ಲ ಸಾಕ್ಷಿ ಹೇಳಿದ ಮ್ಯಾಲ ನಾಯಿ ಸಾಕ್ಷಿ ಬೇಕೇನು?"

ತಾಯವ್ವ ರಂಗಮ್ಮನ ಸೀರೆಯ ಸೆರಗು ಹಿಡಿದು ಅಳುತ್ತಿತ್ತು. ನಿಂಬೆವ್ವ ಬಾಯಿ ಮುಚ್ಚಿಕೊಂಡಿದ್ದರೆ ಮಗಳು ಉಳಿಯುತ್ತಿದ್ದಳು. ಬಟ್ಟಲು ಈಗ ಖರೆಯಾಗಿತ್ತು, ನಾಯಕನ ಜೀವ ಒಪ್ಪಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಮಗಳ ಕೈ ಹಿಡಿದು ಗುಡ್ಡ ಇಳಿಯಬಹುದಾಗಿತ್ತು. ಆದರೆ ಮಗಳಿಗೆ ಒಂಬತ್ತು ತಿಂಗಳು ತುತ್ತು ಹಾಕಿದವಳನ್ನು ಎಳೆದೊಯ್ಯುತ್ತಿದ್ದರು, ನಾಲ್ಕು ಹೆಣ ಬಿದ್ದಿದ್ದವು, ನಾಲ್ಕೂ ಅವಳ ಅರಗಿನ ಹೆಣಗಳು. ಅವಳು ಓಡಿಹೋಗಿ ಹಾಲಿನ ಚರಿಗೆಯನ್ನು ಎತ್ತಿಕೊಂಡಳು.

"ಹಾಲಿನ್ಯಾಗ ಏನೂ ಇಲ್ಲ! ಬಟ್ಟಲಾ ನಾ ಮಾಡಿದ ಸುಳ್ಳು. ಬಳಪದ ಕಲ್ಲು, ಅರಗಿನ ಬೆಸಗಿ. ಬಿಸೀದು ಏನು ಹಾಕಿದ್ರೂ ಬಿರೀತೈತಿ. ಖರೆ ಯಶಮ ಅಂದ್ರ ಅವತ್ತ ನೀವು ಹೊಂಡಕ್ಕ ಒಗಸಿದ್ದು. ನನ್ನ ಗಂಡ ಕಳ್ಳ ಅಲ್ಲ!"

"ಮನಷ್ಯಾರು ಸುಳ್ಳು ಹೇಳ್ತಾರ. ಕಲ್ಲು ಹೇಳಂಗಿಲ್ಲ," ಎಂದ ನಾಯಕ.

"ಹಂಗಾರ ನೋಡ್ರಿ. ನಾ ಸತ್ರ ನೀವು ಖರೆ. ನಾ ಉಳದ್ರ ನನ್ನ ಗಂಡ ಖರೆ."

ಅಷ್ಟು ಹೇಳಿ ಅವಳು ಚರಿಗೆಯನ್ನು ಬಾಯಿಗಿಟ್ಟು, ಒಂದು ಹನಿ ಬಿಡದೆ ಕುಡಿದು, ಮೋನಪ್ಪ ಹೊರಳಾಡಿ ಸತ್ತ ಬಂಡೆಯ ಮೇಲೆಯೇ ಹೋಗಿ ಕೂತಳು. ನಾಯಕ ಕತ್ತಿ ಎತ್ತಿದ. ಆದರೆ ದ್ಯಾವಣ್ಣನ ನೂರು ಜನ ಒಂದು ಹೆಜ್ಜೆ ಮುಂದೆ ಬಂದು ನಿಂತರು. ತಮ್ಮ ಒಡೆಯನ ಹೆಣ ಬಿದ್ದದ್ದು ನ್ಯಾಯಕ್ಕೋ ಅನ್ಯಾಯಕ್ಕೋ ಅವರಿಗೆ ತಿಳಿಯಬೇಕಾಗಿತ್ತು. ಅವರಲ್ಲಿ ಹಿರಿಯನೊಬ್ಬ, "ಕಾಯೋಣ್ರಿ ದೊರಿ. ಮೋನಪ್ಪಗ ಎಷ್ಟೊತ್ತು ಹಿಡದಿತ್ತೋ ಅಷ್ಟೊತ್ತು," ಎಂದ. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನ ತನಕ. ಎಲ್ಲರೂ ಅಲ್ಲಿದ್ದವರೇ, ಆ ಹೊತ್ತು ಎಷ್ಟೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮಳೆಯಲ್ಲಿ ನೂರಾರು ಜನ ನಿಂತು ಒಬ್ಬ ಹೆಂಗಸು ಸಾಯುತ್ತಾಳೋ ಇಲ್ಲವೋ ಎಂದು ನೋಡಿದರು. ಅವರೆಲ್ಲರ ನಡುವೆ ಅವಳು ಸಾಯಲಿ ಎಂದು ನಿಜವಾಗಿ ಹಂಬಲಿಸಿದವನು ನಾಯಕನೊಬ್ಬನೇ. ಅವಳು ಸತ್ತರೆ ತಾನು ದ್ರೋಹಿಗಳನ್ನು ಕಡಿದವನು, ಉಳಿದರೆ ಬೆನ್ನಿಗೆ ಬಿದ್ದ ತಮ್ಮನನ್ನು ಬರಿದೇ ಕೊಂದವನು. ಮಂಡಿಯ ಮೇಲೆ ಕತ್ತಿ ಇಟ್ಟುಕೊಂಡು ಅವಳಿಗೆ ಎದುರಾಗಿ ಕೂತ. ಎದೆಯ ಮೇಲಿನ ಬಿಲ್ಲೆಯನ್ನು ಒಂದೇ ಸಮನೆ ತಿಕ್ಕುತ್ತಿದ್ದ. ಹೊತ್ತು ಇಳಿಯುವಾಗ ನಿಂಬೆವ್ವನ ಮೈ ನಡುಗಿತು. ಬೆಳಗಿನಿಂದ ಉಂಡಿರಲಿಲ್ಲ, ನೆನೆದಿದ್ದಳು, ಹೆದರಿದ್ದಳು. ಹೊಟ್ಟೆ ಮುರಿದುಕೊಂಡು ಬಂದು ಬಾಗಿ ಕೂತು ವಾಂತಿ ಮಾಡಿದಳು. "ನೋಡ್ರಿ! ನೋಡ್ರಿ!" ಎಂದು ನಾಯಕ ಹಬ್ಬ ಬಂದವನಂತೆ ಎದ್ದುನಿಂತ. ತಾಯವ್ವ ಚಿಟ್ಟನೆ ಚೀರಿತು. ನಿಂಬೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ನೆಟ್ಟಗೆ ಕೂತಳು. ರಕ್ತ ಬಂದಿರಲಿಲ್ಲ. ಬರೀ ಹಾಲು.

ಹೊಂಡದ ಬಳಿಯ ಗುಡಿಯಲ್ಲಿ ದೀಪ ಹಚ್ಚಿದರು. ನಿಂಬೆವ್ವ ಬಂಡೆಗೆ ಕೈ ಊರಿ ಎದ್ದು ನಿಂತು, "ತಾಯವ್ವಾ, ಬಾ," ಎಂದು ಮಗಳನ್ನು ಕರೆದಳು. ಆ ಎರಡು ಮಾತಿಗೆ ಅಮಾತೆಪ್ಪನ ಕೈಯಿಂದ ಕತ್ತಿ ಜಾರಿತು. ತಮ್ಮನ ಹೆಣದ ಕಡೆ ತಿರುಗಿ, "ದ್ಯಾವಾ, ಹಾಲು ಚೊಲೋವೇ ಇತ್ತಲ್ಲೋ," ಎಂದು ಕೂಸಿನಂತೆ ಅತ್ತ. ಕೇಳಲು ದ್ಯಾವಣ್ಣ ಇರಲಿಲ್ಲ, ಅವನ ಜನ ಇದ್ದರು. ಮೊದಲ ಕೊಡಲಿ ಎದೆಗೆ ಬಿತ್ತು, ಬಿಲ್ಲೆಗೆ ಬಡಿದು ಅಲಗೇ ಮುರಿಯಿತು. ಬಿಲ್ಲೆಗೆ ಗೀರೂ ಆಗಲಿಲ್ಲ. ಕಲ್ಲು ತನ್ನನ್ನು ತಾನು ಕಾಪಾಡಿಕೊಂಡಿತು. ಎರಡನೆಯದು ಕುತ್ತಿಗೆಗೆ, ಮೂರನೆಯದು ಮುಖಕ್ಕೆ. ಎಷ್ಟನೆಯದಕ್ಕೆ ಜೀವ ಹೋಯಿತೆಂದು ಹೇಳುವಂತಿರಲಿಲ್ಲ. ರಕ್ತದ ಕಾವಿನಲ್ಲಿ ಅವರಲ್ಲೊಬ್ಬ ಕೊಡಲಿ ಎತ್ತಿಕೊಂಡು ನಿಂಬೆವ್ವನ ಕಡೆ ತಿರುಗಿದ. ಅವಳು ಮಗಳನ್ನು ಹಿಂದಕ್ಕೆ ತಳ್ಳಿ, ತಲೆ ತಗ್ಗಿಸಿದಳು. ಕೈ ಬಿಚ್ಚಿಸಿಕೊಂಡ ರಂಗಮ್ಮ ನಡುವೆ ಬಂದಳು.

"ನನ್ನ ಜೀವಾ ಉಳಿಸಿದಿ, ಕೈ ಮುಗೀತೀನಿ. ನಾಕು ಮಂದಿ ಜೀವಾ ನಿನ್ನ ಅರಗಿನ್ಯಾಗ ಹೋತು, ಅದಕ್ಕ ಬಾಗಲಾ ತೋರಸ್ತೀನಿ. ಮಗಳನ್ನ ಕರಕೊಂಡು ಹೋಗಬೇ. ಹೋಗೂಕಿಂತ ಮೊದಲು ಆ ಬಾಗಲ ಮ್ಯಾಲಿನ ಹೆಸರು ಅಳಿಸಿ ಹೋಗು. ಆ ಹೆಸರಿನ ಕೆಳಗ ನಾ ಇನ್ನ ಓಡ್ಯಾಡಾಂಗಿಲ್ಲ."

"ಆತ್ರೀ ಅವ್ವಾರ," ಎಂದಳು ನಿಂಬೆವ್ವ. ಹೆಬ್ಬಾಗಿಲ ಅಕ್ಷರ ಕೆತ್ತಿದ್ದು ಮೋನಪ್ಪನ ಕೈ. ಅದರ ಮೇಲೆ ಉಳಿ ಇಟ್ಟು ಹೊಡೆಯಲು ಅವಳಿಂದ ಆಗಲಿಲ್ಲ. ಸಾಣೆಗಾರರ ಹೆಣ್ಣುಮಗಳು ತನಗೆ ತಿಳಿದ ರೀತಿಯಲ್ಲೇ ಮಾಡಿದಳು. ಕುರುಂದದ ಪುಡಿಗೆ ನೀರು ಹಾಕಿ, ಬಟ್ಟೆಯಲ್ಲಿ ತೆಗೆದುಕೊಂಡು, ಏಣಿ ಏರಿ ತಿಕ್ಕತೊಡಗಿದಳು. ಏಣಿ ಎಡಗಂಬದ ಹತ್ತಿರ ಒರಗಿತ್ತು, ಕೈಗೆ ಸರಿಯಾಗಿ ಸಿಕ್ಕಿದ್ದು ಎರಡನೆಯ ಅಕ್ಷರ. ಅವಳಿಗೆ ಓದು ಬರುತ್ತಿರಲಿಲ್ಲ, ಯಾವುದಾದರೇನು ಎಂದು ಅಲ್ಲಿಂದಲೇ ಹಿಡಿದಳು. ಮೊದಲ ದಿನ ಬಟ್ಟೆ ಹರಿಯಿತು, ಬರಿಯ ಅಂಗೈಯಿಂದ ತಿಕ್ಕಿದಳು. ಎರಡನೆಯ ದಿನ ಅಂಗೈಯ ಚರ್ಮ ಹೋಯಿತು, ಕೆಂಪು ಕೆಸರು ಬಾಗಿಲ ಮೇಲಿಂದ ಇಳಿಯಿತು. ಕೆಳಗೆ ಮಗಳು ನೀರು ಎತ್ತಿಕೊಡುತ್ತಿತ್ತು. ಮೂರನೆಯ ದಿನ ಆ ಒಂದು ಅಕ್ಷರ ಪೂರಾ ಸವೆದು ನುಣ್ಣಗಾಯಿತು. ಸಂಜೆ ರಂಗಮ್ಮ ಬಾಗಿಲಿಗೆ ಬಂದು ತಲೆ ಎತ್ತಿ ನೋಡಿದಳು. ಅವಳಿಗೆ ಓದು ಬರುತ್ತಿತ್ತು. ಯಶಮಗಲ್ಲಿನ ಶಕಾರ ಹೋಗಿತ್ತು. ಉಳಿದದ್ದನ್ನು ಅವಳು ಗಟ್ಟಿಯಾಗಿ ಓದಿದಳು.

"ಸಾಕು ಇಳಿ, ನಿಂಬೆವ್ವ," ಎಂದಳು. "ಇದಕ್ಕ ಖರೆ ಹೆಸರು ಇದೇ."

ತಾಯಿ ಮಗಳು ಅಂದೇ ಗುಡ್ಡ ಇಳಿದು ಹೋದರು. ಯಾವ ಊರಿಗೆ ಹೋದರೆಂದು ಯಾರೂ ಹೇಳುವುದಿಲ್ಲ. ರಂಗಮ್ಮ ಮೋನಪ್ಪನ ಗೋರಿಯ ಮೇಲೆ ಕಲ್ಲು ನಿಲ್ಲಿಸಿದಳು, ಅವಳ ಕಾಲ ಮುಗಿದ ಮೇಲೆ ಕೋಟೆ ಹಾಳುಬಿತ್ತು. ಹೊಂಡಕ್ಕೆ ಎಸೆದ ಬಟ್ಟಲಿಗಾಗಿ ಬರಗಾಲದ ವರ್ಷವೊಂದರಲ್ಲಿ ಕಡ್ಲಿಹಾಳದವರು ಹೂಳೆಲ್ಲ ಎತ್ತಿ ನೋಡಿದರು. ಎರಡು ತಾಮ್ರದ ಚರಿಗೆ, ಒಂದು ಕುದುರೆಲಾಳ ಸಿಕ್ಕವು. ಬಟ್ಟಲು ಅಲ್ಲೇ ಎಲ್ಲೋ ಇದೆ, ಒಡೆದಂತೂ ಇರಲಾರದು ಎನ್ನುತ್ತಾರೆ.

ಈಗಲೂ ಯಮಗಲ್ಲಿಗೆ ಹೋದವರು ಹೆಬ್ಬಾಗಿಲ ಕೆಳಗೆ ನಿಂತು ತಲೆ ಎತ್ತಬೇಕು. ಮಣ್ಣು ತುಂಬಿ ನೆಲ ಮೇಲೆದ್ದಿರುವುದರಿಂದ ಅಕ್ಷರಗಳು ಕೈಗೆ ಎಟುಕುತ್ತವೆ. ಎಡಕ್ಕೆ ಒಂದು ಅಕ್ಷರ, ಬಲಕ್ಕೆ ಮೂರು. ನಡುವೆ ಒಂದು ಗುಳಿ. ಉಳಿಯ ಗುರುತು ಅದರಲ್ಲಿ ಒಂದೂ ಇಲ್ಲ. ಎದೆ ಹೊಡೆದುಕೊಳ್ಳುವ ರೋಗದವರು ಮಂಗಳವಾರ ಬಂದು ಅಲ್ಲಿ ಕೈ ಇಟ್ಟು ಹೋಗುತ್ತಾರೆ, ಗುಣವಾಗುತ್ತದೆ ಎಂದು ಹೇಳುವವರೂ ಇದ್ದಾರೆ. ಅದು ಯಶಮವಲ್ಲ, ನಮ್ಮ ಸೀಮೆಯ ಸಾದಾ ಕಲ್ಲು. ಗಂಡಸರ ಕೈ ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಹೆಂಗಸರು ಅಂಗೈ ಇಟ್ಟರೆ ಕೂರುತ್ತದೆ.